ಕುಡ್ತೆಗೆ ಐದೇ ಹನಿ

ಸರಸಜ್ಜಿಯ ತಲೆ ಸುಟ್ಟದ್ದು ದೇಯಿಯಲ್ಲ, ಮಕ್ಕಳೇ — ನಾನು.

ಈ ಒಂದು ಸಾಲು ಬರೆಯಲಿಕ್ಕೆ ಮೂರು ದಿನ ಹಿಡಿಯಿತು. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಯಾವತ್ತೂ ಬಂದದ್ದಿಲ್ಲ. ನಾಲ್ಕು ಜನ ಕೂತಲ್ಲಿ ನನ್ನ ಸ್ವರ ಏಳುವುದಿಲ್ಲ ಎಂದು ನಿಮಗೂ ಗೊತ್ತು. ಊರ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಕಲಿತ ಅಕ್ಷರ ಉಂಟು, ಅದರಲ್ಲೇ ಬರೆಯುತ್ತೇನೆ.

ನಿಮ್ಮಲ್ಲಿ ಒಂದು ತಮಾಷೆ ಉಂಟಲ್ಲ — ಯಾವ ಎಣ್ಣೆ ಘಾಟು ಹೊಡೆದರೂ ಮೂಗು ಮುಚ್ಚಿಕೊಂಡು "ದೇಯಿ ಎಣ್ಣೆ, ದೇಯಿ ಎಣ್ಣೆ!" ಎಂದು ಕೂಗುವುದು. ಅದನ್ನು ನಿಮಗೆ ಕಲಿಸಿದವಳು ಸರಸಜ್ಜಿ, ನನ್ನ ನಾದಿನಿ. ಸಾಯುವವರೆಗೂ ಅವಳು, ದೇಯಿಯ ಎಣ್ಣೆ ತನ್ನ ತಲೆ ಸುಟ್ಟ ಕತೆಯನ್ನು ನಗುತ್ತಾ ಹೇಳಿದಳು. ಅವಳಿಗೆ ನಿಜ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಪಕ್ಕದಲ್ಲೇ ಕೂತು — ನಗುತ್ತಿದ್ದೆ.

ನಮ್ಮೂರು ಆಗ ಮದರಾಸಿಗೆ ಸೇರಿತ್ತು. ನನಗೆ ಹದಿನೇಳು, ಮದುವೆಯಾಗಿ ಪೈವಳಿಕೆಯ ಈ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ದೇಯಿಯಕ್ಕ ಊರಿನ ಹತ್ತಾರು ಮನೆಗಳಿಗೆ ತಲೆಗೆಣ್ಣೆ ಕಾಸಿ ಕೊಡುತ್ತಿದ್ದ ಹೆಂಗಸು. ಬಾಣಂತಿ ಇದ್ದ ಮನೆಯವರು ಮೊದಲು ಅವಳಿಗೇ ಹೇಳಿಕಳುಹಿಸುತ್ತಿದ್ದರು. ನಮ್ಮ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಉರುಳಿಯಲ್ಲಿ ತೆಂಗಿನೆಣ್ಣೆ ಇಟ್ಟು, ಗರುಗದ ಸೊಪ್ಪಿನ ರಸ, ನೆಲ್ಲಿಕಾಯಿ ರಸ, ಅರೆದ ದಾಸವಾಳದ ಎಲೆ ಹಾಕಿ ಸಣ್ಣ ಉರಿಯಲ್ಲಿ ಕಾಸುವಳು. ಕೊನೆಗೆ ಒಂದು ಬತ್ತಿಯನ್ನು ಅದರಲ್ಲಿ ಅದ್ದಿ ಹೊತ್ತಿಸಿ ನೋಡುವಳು. ಚಟಚಟ ಎಂದರೆ ನೀರಿನ ಪಸೆ ಉಳಿದಿದೆ. ಸದ್ದಿಲ್ಲದೆ ಉರಿದರೆ ಪಾಕ ಬಂತು.

ಹೊಸ ಸೊಸೆಯಾದ ನನ್ನನ್ನು ಹತ್ತಿರ ಕೂರಿಸಿಕೊಂಡು ಅವಳು ಎಲ್ಲವನ್ನೂ ಕಲಿಸಿದಳು.

"ಒಲೆ ಬಿಟ್ಟು ಏಳ್ಬೇಡಿ ಸಣ್ಣಮ್ಮ. ಎಣ್ಣೆ ಅಂದ್ರೆ ಅತ್ತೆ ಇದ್ದ ಹಾಗೆ — ನೀವು ಬೆನ್ನು ಹಾಕಿದ ಕೂಡ್ಲೇ ಉಕ್ಕುವುದು."

ಅತ್ತೆಗೆ ಕೇಳಿಸೀತೆಂದು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆ ಮನೆಯಲ್ಲಿ ನಾನು ಮೊದಲ ಸಲ ನಕ್ಕದ್ದು ಅವಳ ಬಳಿ ಕೂತಾಗ.

ನಾದಿನಿ ಸರಸುವಿನ ಜಡೆ ಆಗ ಮೊಣಕಾಲು ಮುಟ್ಟುತ್ತಿತ್ತು. ಆ ಶುಕ್ರವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ಅತ್ತಿಗೆ, ಈ ಎಣ್ಣೆ ಹಾಕಿಕೊಂಡರೆ ನಾನು ಹೊಗೆ ಅಟ್ಟದಿಂದ ಇಳಿದು ಬಂದ ಹಾಗೆ ಉಂಟು! ಮಂಗಳೂರಿನವರು ಹಾಕುವಂಥ ಪರಿಮಳದ್ದು ಸಿಗ್ಲಿಕ್ಕಿಲ್ವಾ?" ಎಂದು ನನ್ನನ್ನು ಪೀಡಿಸಿದಳು. ದೇಯಿಯಕ್ಕ ಅದಕ್ಕೂ ದಾರಿ ಮಾಡಿದಳು. ಕಾರಡ್ಕದ ಕಡೆ ಮಜ್ಜಿಗೆ ಹುಲ್ಲನ್ನು ಬೇಯಿಸಿ ಹಬೆಯಿಂದ ಎಣ್ಣೆ ಇಳಿಸುವವರಿದ್ದರು. ಅವರಿಂದ ಅಂಗೈಯುದ್ದದ ಒಂದು ಕುಪ್ಪಿ ತಂದಳು. ಬಿರಡೆ ತೆಗೆದರೆ ಇಡೀ ಜಗಲಿಗೆ ಲಿಂಬೆಯ ಪರಿಮಳ.

ಬುಧವಾರ ಮಧ್ಯಾಹ್ನ ಎರಡು ಕುಡ್ತೆಯಷ್ಟು, ಅಂದರೆ ಎರಡು ಲೋಟದಷ್ಟು, ಎಣ್ಣೆ ಸೋಸಿಟ್ಟು, ಮನೆಗೆ ಹೊರಡುವಾಗ ಕುಪ್ಪಿಯನ್ನು ನನ್ನ ಕೈಗೆ ಕೊಟ್ಟಳು. "ಇದು ಎಣ್ಣೆ ಅಲ್ಲ ಸಣ್ಣಮ್ಮ, ಬೆಂಕಿ. ನಾಳೆ ಬೆಳಿಗ್ಗೆ, ಪೂರ್ತಿ ತಣಿದ ಮೇಲೆ ಹಾಕಿ. ಕುಡ್ತೆಗೆ ಐದೇ ಹನಿ."

ಬೆಳಗಿನವರೆಗೆ ಕಾಯಲಿಲ್ಲ ನಾನು. ಸರಸು ಎದ್ದಾಗ ಪರಿಮಳದ ಎಣ್ಣೆ ಸಿದ್ಧವಿರಬೇಕು, ಅತ್ತಿಗೆ ಮಾಡಿದ್ದು ಎನ್ನಬೇಕು — ಅಷ್ಟೇ ಆಸೆ. ಬಿಸಿ ಆರದ ಎಣ್ಣೆಗೆ ಹತ್ತು ಹನಿ ಬಿಟ್ಟೆ. ಪರಿಮಳ ಎದ್ದು ಅಂಗಳದ ತುಂಬ ಹರಡಿತು; ಸ್ವಲ್ಪ ಹೊತ್ತಿಗೆ ಪಾತ್ರೆಗೆ ಮೂಗು ಇಟ್ಟರೆ ಏನೂ ಇಲ್ಲ. ಇನ್ನಷ್ಟು ಬಿಟ್ಟೆ. ಆಗಲೂ ಇಲ್ಲ. ಅದೇ ವಾಸನೆಯಲ್ಲಿ ಕೂತು ಕೂತು ನನ್ನ ಮೂಗು ಸೋತಿತ್ತು. ಅದು ನನಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಕುಪ್ಪಿ ಖಾಲಿ.

ಗೊತ್ತಿರಲಿಲ್ಲ ಎಂದು ಬರೆದೆ. ಐದೇ ಹನಿ ಎಂದದ್ದು ಗೊತ್ತಿತ್ತಲ್ಲ.

ಗುರುವಾರ ನಾನೇ ಸರಸುವಿನ ತಲೆಗೆ ಎಣ್ಣೆ ತಿಕ್ಕಿದೆ. "ಉರಿಯುತ್ತದೆ ಅತ್ತಿಗೆ" ಎಂದಳು. "ಪರಿಮಳ ಬೇಕಾದರೆ ಸ್ವಲ್ಪ ತಡ್ಕೊ" ಎಂದೆ. ಅವಳು ತಡೆದುಕೊಂಡಳು — ನನ್ನ ಮಾತು ನಂಬಿ ಮಧ್ಯಾಹ್ನದವರೆಗೆ ತಡೆದುಕೊಂಡಳು. ಮೀಯಿಸುವಾಗ ನೆತ್ತಿ ಕೆಂಡದ ಹಾಗೆ ಕೆಂಪಾಗಿತ್ತು. ಸಂಜೆಗೆ ಬೊಕ್ಕೆ ಎದ್ದು ನೀರು ಒಸರಿತು. ಪಂಡಿತರು ಬಂದು ನೋಡಿ, ಕೂದಲು ತೆಗೆಯದೆ ಮದ್ದು ಹಚ್ಚಲಿಕ್ಕಾಗುವುದಿಲ್ಲ ಎಂದರು. ಮದುವೆಯಾಗದ ಹುಡುಗಿಯ ಕೂದಲಿಗೆ ಅತ್ತೆಯೇ ಕತ್ತರಿ ಹಾಕಿದರು. ಗಂಡಿನ ಕಡೆಯವರಿಗೆ ಬರಬೇಡಿ ಎಂದು ಹೇಳಿಕಳುಹಿಸಿದರು. ನಾನು ಖಾಲಿ ಕುಪ್ಪಿಯನ್ನು ಗೊಬ್ಬರದ ಗುಂಡಿಗೆ ಹಾಕಿ ಕೋಲಿನಿಂದ ಕೆಳಕ್ಕೆ ತಳ್ಳಿದೆ.

ಅತ್ತೆ ದೇಯಿಯಕ್ಕನನ್ನು ಕರೆಸಿದರು. ಅವಳು ಅಂಗಳದಲ್ಲಿ ನಿಂತೇ ಗಾಳಿಯನ್ನು ಒಮ್ಮೆ ಮೂಸಿದಳು. ಅವಳಿಗೆ ಅಷ್ಟೇ ಸಾಕಾಯಿತು.

"ಆ ಕುಪ್ಪಿ ತನ್ನಿ ಅಮ್ಮಾ. ಎಷ್ಟು ಉಳಿದಿದೆ ನೋಡುವ."

ಅತ್ತೆ ನನ್ನತ್ತ ತಿರುಗಿದರು. "ಕುಪ್ಪಿ ಎಲ್ಲಿ ಕೂಸೇ?"

"ಅದು ದೇಯಿಯಕ್ಕನ ಕೈಯಲ್ಲೇ ಇತ್ತು."

ನಾಲ್ಕು ಜನರೆದುರು ಏಳದ ನನ್ನ ಸ್ವರ ಅವತ್ತು ಎಷ್ಟು ಸ್ಪಷ್ಟವಾಗಿ ಎದ್ದಿತು —

ದೇಯಿಯಕ್ಕ ನನ್ನನ್ನು ನೋಡಿದಳು. ವಾದಿಸಿದ್ದರೂ ಅಂಗಳದಲ್ಲಿ ನಿಂತವಳ ಮಾತನ್ನು ಜಗಲಿಯಲ್ಲಿದ್ದವರು ಯಾರು ನಂಬುತ್ತಿದ್ದರು? "ಹಾಗಾದರೆ ಹಾಗೆ, ಸಣ್ಣಮ್ಮ" ಎಂದಳು. ಹಗ್ಗದ ಮೇಲೆ ಒಣಗಲು ಹಾಕಿದ್ದ ತನ್ನ ಸೋಸುವ ಬಟ್ಟೆಯನ್ನು ತೆಗೆದು ಮಡಚಿಕೊಂಡು ಹೋದಳು.

ಎರಡು ವರ್ಷದಲ್ಲಿ ಸರಸುವಿನ ಕೂದಲು ಹೆಗಲು ದಾಟಿತು, ಮದುವೆಯೂ ಆಯಿತು. ಆದರೆ ದೇಯಿಯಕ್ಕನನ್ನು ಮತ್ತೆ ಯಾವ ಮನೆಯವರೂ ಎಣ್ಣೆಗೆ ಕರೆಯಲಿಲ್ಲ. ಕೈಗುಣ ಹೋಯಿತು ಎಂದರು. ಅವಳು ಕಲ್ಲು ಹೊರುವ ಕೆಲಸಕ್ಕೆ ಹೋದಳು, ಆಮೇಲೆ ಮಂಗಲ್ಪಾಡಿಯಲ್ಲಿ ಮಗಳ ಮನೆ ಸೇರಿದಳು. ಅದಕ್ಕೆ ಮೊದಲು ಒಮ್ಮೆ ಗದ್ದೆಯ ಹುಣಿಯಲ್ಲಿ, ಆ ಸಪೂರ ಬದುವಿನ ಮೇಲೆ, ಎದುರಾಗಿದ್ದಳು. ತಲೆಹೊರೆಯೊಂದಿಗೇ ಕೆಸರಿಗೆ ಇಳಿದು ನನಗೆ ದಾರಿ ಬಿಟ್ಟಳು. ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲಿತ್ತು. "ಸೌಖ್ಯವಾ?" ಎಂದೆ. "ಸೌಖ್ಯ" ಎಂದಳು. ನಾನು ದಾಟಿ ಹೋದೆ. ಅವಳು ತೀರಿಹೋದದ್ದು ನನಗೆ ತಿಳಿದದ್ದು ಆರು ತಿಂಗಳ ಮೇಲೆ.

ಇದನ್ನು ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಹೇಳದ್ದಷ್ಟೇ ಅಲ್ಲ — ನೀವು ರಜೆ ಮುಗಿಸಿ ಹೋಗುವಾಗ ಕುಪ್ಪಿ ತುಂಬ ಒಯ್ಯುತ್ತೀರಲ್ಲ, ನೆರೆಯವರೂ ಕೇಳಿ ಪಡೆಯುವ "ಅಜ್ಜಿ ಎಣ್ಣೆ" — ಆ ಗರುಗ, ಆ ಬತ್ತಿ, ತಣಿದ ಮೇಲಿನ ಆ ಐದು ಹನಿ, ಎಲ್ಲ ಅವಳದ್ದು. ಇಷ್ಟು ವರ್ಷ ಹೊಗಳಿಕೆ ನಾನು ತೆಗೆದುಕೊಂಡೆ. ಅವಳ ಹೆಸರು ನಿಮ್ಮ ಬಾಯಲ್ಲಿ ಘಾಟಿಗೆ ಉಳಿಯಿತು. ಇನ್ನು ಒಳ್ಳೆಯದನ್ನು ದೇಯಿ ಎಣ್ಣೆ ಎನ್ನಿ. ಘಾಟು ಹೊಡೆಯುವುದನ್ನು ಅಜ್ಜಿ ಎಣ್ಣೆ ಎನ್ನಿ. ನನಗೆ ಕೇಳಿಸುವ ಹಾಗೆಯೇ ಅನ್ನಿ.

ಅವಳ ಮಗಳು ಈಗಲೂ ಮಂಗಲ್ಪಾಡಿಯಲ್ಲೇ ಇದ್ದಾಳಂತೆ. ಸೋಮವಾರ ಬಸ್ಸಿನಲ್ಲಿ ಹೋಗುತ್ತೇನೆ, ಒಬ್ಬಳೇ. ಅವಳು ಜಗಲಿಗೆ ಕರೆದರೂ ಅಂಗಳದಲ್ಲೇ ನಿಂತು, ಮೊದಲು ಈ ಒಂದು ಮಾತು ಹೇಳಬೇಕು — ಕುಪ್ಪಿ ನನ್ನ ಕೈಯಲ್ಲಿತ್ತು.