ಅವಸರದ ಕುರ್ಚಿ

ಬೆಂಗಳೂರಿನ ಡಿಸೆಂಬರ್ ಚಳಿಯನ್ನು ಹೊಗಳುವವರು ಪೀಣ್ಯದಲ್ಲಿ ಬೆಳಿಗ್ಗೆ ಎಂಟಕ್ಕೆ ರೆಸಿನ್ ಕಲಸಿದವರಲ್ಲ. ನಾನು ಕಲಸಿದ್ದೇನೆ. ಎಂಬತ್ತರ ದಶಕದ ಆರಂಭದಲ್ಲಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವನು, ಅಲ್ಲಿನ ತಗಡಿನ ಶೆಡ್ಡೊಂದರಲ್ಲಿ ಫೈಬರ್ ಗ್ಲಾಸ್ ಕುರ್ಚಿ ಮಾಡುವವರ ಬಳಿ 'ಕೆಮಿಸ್ಟ್' ಆಗಿ ಸೇರಿದೆ. ಹುದ್ದೆಯ ಹೆಸರು ದೊಡ್ಡದು. ಕೈಯಲ್ಲಿದ್ದದ್ದು ಒಂದು ಬಕೆಟ್ಟು, ಒಂದು ಕೋಲು.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಜೇನುತುಪ್ಪದಂತಿರುವ ರೆಸಿನ್ನಿಗೆ ಹಾರ್ಡನರ್ ಎಂಬ ದ್ರವವನ್ನು ಅಳತೆಯಾಗಿ ಬೆರೆಸಿ, ಅಚ್ಚಿನ ಮೇಲೆ ಹಾಸಿದ ಗಾಜಿನ ನಾರಿಗೆ ಬಳಿದರೆ ಅದು ತಾನೇ ಬಿಸಿಯೇರಿ ಗಟ್ಟಿಯಾಗುತ್ತದೆ. ಎಷ್ಟು ಬೇಗ ಎನ್ನುವುದು ಹವೆ, ಹಾರ್ಡನರಿನ ಪ್ರಮಾಣ, ಬಳಿದ ಪದರದ ದಪ್ಪ, ಇವನ್ನೆಲ್ಲ ನೋಡಿಕೊಂಡು ನಡೆಯುತ್ತದೆ. ಪೇಟೆಯಲ್ಲಿ ಈ ಹಾರ್ಡನರನ್ನೇ ಕ್ಯಾಟಲಿಸ್ಟ್ ಎನ್ನುತ್ತಿದ್ದರು. ಪಠ್ಯಪುಸ್ತಕದ ಪ್ರಕಾರ ಅದು ತಪ್ಪು. ನಿಜವಾದ ಕ್ಯಾಟಲಿಸ್ಟ್ ಕ್ರಿಯೆಯನ್ನು ಚುರುಕುಗೊಳಿಸಿ, ತಾನು ಮಾತ್ರ ಕಿಂಚಿತ್ತೂ ಖರ್ಚಾಗದೆ ಹೊರಬರಬೇಕು. ನಮ್ಮ ಶೆಡ್ಡಿನಲ್ಲಿ ಅಂಥದ್ದು ಒಂದೇ ಇತ್ತು: ಮಾಲೀಕರಾದ ಗೋವರ್ಧನಯ್ಯನವರು. "ಬೇಗ, ಬೇಗ" ಎನ್ನುವುದಷ್ಟೇ ಅವರ ಪಾಲಿನ ಕೆಲಸ.

ಆ ಡಿಸೆಂಬರಿನಲ್ಲಿ ಮಾತ್ರ ಅವರ ಅವಸರಕ್ಕೆ ಕಾರಣವಿತ್ತು. ಆರ್ಡರುಗಳು ನಿಂತು, ಕುರ್ಚಿ ಬಳಿಯುವ ಹೆಂಗಸರನ್ನು ಕೆಲಸದಿಂದ ಬಿಡಿಸುವ ಮಾತು ಎದ್ದಿತ್ತು. ಅಷ್ಟರಲ್ಲಿ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರ ಅಧಿಕಾರಿ ತಮ್ಮ ಕ್ಯಾಂಟೀನಿಗೆ ಕುರ್ಚಿ ನೋಡಲು ಬರುವುದೆಂದಾಯಿತು. ಅವರ ಕಣ್ಣೆದುರೇ ಕುರ್ಚಿಯನ್ನು ಹುಟ್ಟಿಸಿ ತೋರಿಸಬೇಕೆಂದು ಗೋವರ್ಧನಯ್ಯನವರ ಹಟ.

"ಸಾಹೇಬ್ರು ಕಾಫಿ ಮುಗಿಸೋದ್ರೊಳಗೆ ಚೇರ್ ರೆಡಿ ಇರ್ಬೇಕು ಕಣ್ರೀ."

"ಈ ಚಳೀಲಿ ಆಗಲ್ಲ ಸಾರ್. ಮಧ್ಯಾಹ್ನ ಆಗುತ್ತೆ."

"ಹಾರ್ಡನರ್ ಜಾಸ್ತಿ ಹಾಕ್ರೀ. ಮತ್ಯಾಕಿರೋದು ಅದು?"

"ಜಾಸ್ತಿ ಹಾಕಿದ್ರೆ ಬಕೆಟ್ಟಲ್ಲೇ ಗಟ್ಟಿಯಾಗ್ಬಿಡುತ್ತೆ ಸಾರ್."

"ನೀವು ಓದಿದ್ದು ಜಾಸ್ತಿ ಆಯ್ತು!"

ಅಧಿಕಾರಿಯ ಜೀಪು ಗೇಟಿಗೆ ಬಂದದ್ದೇ ತಡ, ಬಿಸಿಲಿಗಿಟ್ಟು ಬೆಚ್ಚಗೆ ಮಾಡಿದ್ದ ರೆಸಿನ್ನಿಗೆ ಗೋವರ್ಧನಯ್ಯನವರೇ ಹಾರ್ಡನರನ್ನು ದುಪ್ಪಟ್ಟು ಸುರಿದರು. ನಾನು ಕಲಸಿದೆ. ಜಯಮ್ಮ ಎಂಬಾಕೆ ಅಚ್ಚಿಗೆ ನಾಲ್ಕು ಕೈ ಬಳಿದಿದ್ದಳಷ್ಟೇ, "ನಿಲ್ಲಿಸಮ್ಮಾ, ಮೊದಲು ಸಾಹೇಬ್ರಿಗೆ ಹಾರ!" ಎಂದರು ಮಾಲೀಕರು. ಹಾರವಾಯಿತು. ಹಾರ ಬಿದ್ದ ಮೇಲೆ ಸುಮ್ಮನಿರಲಾದೀತೇ? ಸಾಹೇಬರು "ಎರಡೇ ಮಾತು" ಎಂದು ದೇಶದ ಕೈಗಾರಿಕಾ ಪ್ರಗತಿಯನ್ನು ಕೈಗೆತ್ತಿಕೊಂಡರು. ನಾನು ಬಕೆಟ್ಟಿನ ಕಡೆಗೆ ಸರಿದೆ. ಮಾಲೀಕರು ಕಣ್ಣಲ್ಲೇ ಗದರಿಸಿ ನಿಲ್ಲಿಸಿದರು.

ಅಚ್ಚಿನ ಮೇಲೆ ತೆಳ್ಳಗೆ ಹರಡಿದ ರೆಸಿನ್ ತನ್ನ ಬಿಸಿಯನ್ನು ಗಾಳಿಗೆ ಬಿಟ್ಟುಕೊಟ್ಟು ಸಮಾಧಾನದಿಂದಿರುತ್ತದೆ. ಬಕೆಟ್ಟಿನಲ್ಲಿ ಗುಂಪುಗೂಡಿದ್ದು ಹಾಗಲ್ಲ. ಬಿಸಿಯಾದಷ್ಟೂ ಚುರುಕು, ಚುರುಕಾದಷ್ಟೂ ಬಿಸಿ. ಸಭೆ, ಮೆರವಣಿಗೆಗಳಲ್ಲಿ ಮನುಷ್ಯರೂ ಹೀಗೇ ಎಂದು ಆಮೇಲೆ ಅನ್ನಿಸಿದ್ದುಂಟು. ಆಗ ಅನ್ನಿಸಿದ್ದು ಭಯ ಮಾತ್ರ.

"ಅಯ್ಯೋ ಸಾರ್, ಬಕೀಟು ಹೊಗೆ ಉಗುಳ್ತೈತೆ!" ಜಯಮ್ಮ ಕೂಗಿದಳು.

ಗೋವರ್ಧನಯ್ಯನವರು ಓಡಿಹೋಗಿ ಕೋಲನ್ನು ಎಳೆದರು. ಕೋಲಿನ ಜೊತೆಗೆ ಇಡೀ ಬಕೆಟ್ಟೇ ಮೇಲೆದ್ದಿತು. ನಾನು ಕೋಲು ಕಸಿದುಕೊಂಡು ಅಂಗಳಕ್ಕೆ ಓಡಿ ಎಸೆದೆ. ಬಕೆಟ್ಟಿನೊಳಗೆ ಕಲ್ಲಾಗಿದ್ದ ರೆಸಿನ್ ಗಡ್ಡೆ ಹೊರಬಿದ್ದು ಫಟಾರನೆ ಸೀಳಿತು. ಘಾಟು ವಾಸನೆಗೆ ಎಲ್ಲರೂ ಕೆಮ್ಮುತ್ತ ಹೊರಗೆ ಬಂದರು. ನಮ್ಮ ಕಥೆ ಮುಗಿಯಿತೆಂದುಕೊಂಡೆ. ಹೆಂಗಸರು ಆಗಲೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಸಾಹೇಬರು ಕಣ್ಣೊರೆಸಿಕೊಂಡು ಗಡ್ಡೆಯ ಸುತ್ತ ಒಂದು ಸುತ್ತು ಬಂದರು. ಬೂಟಿನ ತುದಿಯಿಂದ ತಟ್ಟಿ ನೋಡಿದರು.

"ಏನ್ರೀ ಇದು, ಇಷ್ಟು ಫಾಸ್ಟು! ಒಂದು ಸ್ಟೂಲು ರಿಪೇರಿಗೆ ನಮ್ಮ ಕಾರ್ಪೆಂಟರು ತಿಂಗಳು ತಗೋತಾನೆ."

"ಎಲ್ಲಾ ನಮ್ಮ ಕೆಮಿಸ್ಟ್ ಕೈಚಳಕ ಸಾರ್," ಎಂದರು ಗೋವರ್ಧನಯ್ಯನವರು, ರೆಪ್ಪೆ ಹೊಡೆಯದೆ.

ಆರ್ಡರು ಕಳಿಸುವುದಾಗಿ ಹೇಳಿ ಸಾಹೇಬರು ಜೀಪು ಹತ್ತಿದ ಮೇಲೆ ನಾನು ಸರಿಯಾದ ಅಳತೆಯಲ್ಲಿ ಮತ್ತೆ ಕಲಸಿದೆ. ಜಯಮ್ಮ ಉಳಿದ ಭಾಗ ಬಳಿದಳು. ಊಟ ಮುಗಿಸಿ ಬರುವಷ್ಟರಲ್ಲಿ, ಯಾರೂ ನೋಡದಿದ್ದಾಗ, ಕುರ್ಚಿ ತನ್ನಷ್ಟಕ್ಕೆ ಗಟ್ಟಿಯಾಗಿತ್ತು. ಆರ್ಡರು ಕೈಸೇರಿದ್ದು ಮಾವಿನಹಣ್ಣಿನ ಕಾಲಕ್ಕೆ. ಸರ್ಕಾರಿ ಫೈಲಿಗೆ ಹಾರ್ಡನರನ್ನು ಇನ್ನೂ ಕಂಡುಹಿಡಿದಿರಲಿಲ್ಲ. ಅಲ್ಲಿಯವರೆಗೂ ಆ ಆರ್ಡರಿನ ಭರವಸೆಯ ಮೇಲೆ ಹೆಂಗಸರು ಕೆಲಸದಲ್ಲಿ ಉಳಿದರು.

ಮುಂದೆ ಇನ್ನೊಬ್ಬ ಅಧಿಕಾರಿ ಬಂದಾಗ ಪರದೆಯ ಹಿಂದೆ ಸಿದ್ಧ ಕುರ್ಚಿಯೊಂದು ಕಾಯುತ್ತಿತ್ತು. ಯಾವ ಕ್ರಿಯೆಯನ್ನಾದರೂ ಬೇಗ ಮುಗಿಸಬೇಕಿದ್ದರೆ ಅದನ್ನು ಹಿಂದಿನ ದಿನವೇ ಶುರುಮಾಡಬೇಕೆಂಬ ಮಾತಿಗೆ ನಾನು ಗೋವರ್ಧನಯ್ಯನವರನ್ನು ಒಪ್ಪಿಸಿಬಿಟ್ಟಿದ್ದೆ.