ಹಕ್ಕಲಿನ ದಣಪೆ

ನಾನು ನಡೆಯುವ ದಾರಿ ಕಿರಿಮಂಜೇಶ್ವರದ ಮೂಡು ಬದಿಯ ಹಕ್ಕಲಿನಲ್ಲಿದೆ. ಬರೀ ಮುರಕಲ್ಲಿನ ಬಯಲು. ಮಾರ್ಚ್ ಬಂತೆಂದರೆ ಹುಲ್ಲೆಲ್ಲ ಒಣಗಿ, ಕುರುಚಲು ಮುಳ್ಳಿನ ಪೊದೆ ಬಿಟ್ಟರೆ ಬೇರೆ ನೆರಳಿರುವುದಿಲ್ಲ. ಸಕ್ಕರೆ ಕಾಯಿಲೆ ಶುರುವಾದ ಮೇಲೆ ದಿನಾ ಬೆಳಗ್ಗೆ ಅಲ್ಲಿ ನಡೆಯುತ್ತೇನೆ. ಜೊತೆಗೊಬ್ಬ ಗೆಳೆಯ, ಮೀನುಗಾರಿಕೆ ಬಿಟ್ಟು ಮನೆಯಲ್ಲಿರುವವನು.

ಭಾನುವಾರ ಅದೇ ದಾರಿಗೆ ದಪ್ಪ ಟಯರಿನ ಸೈಕಲ್ಲಿನವರೂ ಬರುತ್ತಾರೆ; ಕುಂದಾಪುರ, ಬ್ರಹ್ಮಾವರದ ಕಡೆಯವರು. ಹಿಂದಿನಿಂದ ಬೆಲ್ ಕೇಳಿದರೆ ನಾವು ಬದಿಗೆ ಸರಿಯಬೇಕು. ಒಮ್ಮೆ ಹಾಗೆ ಸರಿಯಲು ಹೋಗಿ ಪೊದೆಯೊಳಗೇ ಕೂತುಬಿಟ್ಟೆ. ಪಂಚೆ ಹರಿಯಿತು. ಸೈಕಲ್ಲಿನವರು ಯಾರೂ ನಿಲ್ಲಲಿಲ್ಲ. ಗೆಳೆಯ ಬಿದ್ದು ಬಿದ್ದು ನಕ್ಕ.

"ಹ್ವಾಯ್, ಏಳಿ ಮಾರಾಯ್ರೆ. ಅಲ್ಲ್ ಕೂಕಂಡ್ ಮೊಟ್ಟೆ ಇಡ್ತ್ರಿಯಾ?"

ದಾರಿ ಇಳಿದು ತಿರುಗುವಲ್ಲಿ, ಹಳೆಯ ಬೇಲಿಯ ನಡುವೆ ಒಂದು ದಣಪೆ ಇದೆ. ಎರಡು ಕಲ್ಲುಕಂಬ, ಅಡ್ಡ ಹಾಕಲು ಎರಡು ಬಿದಿರಿನ ಗಳ. ಮೇಯುವ ದನ ಗದ್ದೆಗೆ ನುಗ್ಗಬಾರದೆಂದು, ದಾಟಿದವರು ಗಳ ಮತ್ತೆ ಹಾಕಿಯೇ ಹೋಗಬೇಕು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಈಗ ಅಲ್ಲಿ ದನ ಬಿಡುವವರಿಲ್ಲ. ಎಷ್ಟೋ ವರ್ಷದಿಂದ ಗಳಗಳು ಕಂಬಕ್ಕೆ ಒರಗಿಕೊಂಡೇ ಇದ್ದವು.

ಮರು ಭಾನುವಾರ ಗೆಳೆಯ ದಣಪೆ ದಾಟಿ ಮುಂದೆ ಹೋಗಿದ್ದ. ಮೇಲಿನಿಂದ ಚಕ್ರಗಳ ಸದ್ದು ಕೇಳಿತು. ನಾನೂ ದಾಟಿ ಎರಡೂ ಗಳ ಹಾಕಿದೆ. ಸೈಕಲ್ ಇಳಿದು, ಬಗ್ಗಿ ದಾಟಲಿ ಎಂದಷ್ಟೇ ಅಂದುಕೊಂಡೆ ಎಂದು ಬರೆದರೆ ಅರ್ಧ ಮಾತ್ರ ನಿಜ. ತಿರುವಿನಲ್ಲಿ ಬರುವವರಿಗೆ ಗಳ ಕಾಣುವುದಿಲ್ಲವೆಂದು ನನಗೆ ಗೊತ್ತಿತ್ತು.

ಮೊದಲು ಬಂದವಳು ಬ್ರಹ್ಮಾವರದಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಹೆಂಗಸು. ಗಳಕ್ಕೆ ಬಡಿದು ಬಿದ್ದಳು. ಮಣಿಕಟ್ಟು ಮುರಿಯಿತು. ಓಡಿ ಬಂದ ಗೆಳೆಯ ನನ್ನ ಪರ ನಿಂತ. "ದಣ್ಪೆ ದಾಟ್ದವ್ರ್ ಹಾಕಿಯೇ ಹೋಪ್ದ್. ಊರ್ ಕ್ರಮ ಅದ್."

ಆ ನೋವಿನಲ್ಲೂ ಅವಳು, "ತಪ್ಪಾಯ್ತ್ ಅಜ್ಜಾ, ನಮ್ಗ್ ಗೊತ್ತಿರ್ಲಿಲ್ಲ" ಎಂದಳು. ನಾನು ತಲೆಯಾಡಿಸಿದೆ.

ಕೈಗೆ ಪಟ್ಟಿ ಹಾಕಿಕೊಂಡು ಅವಳು ಮುಂದಿನ ಭಾನುವಾರಗಳಲ್ಲಿ ನಮ್ಮೊಂದಿಗೆ ನಡೆಯಲು ಬಂದಳು. ದಣಪೆ ಬಂದಾಗ ತಾನೇ ಒಂದು ಕೈಯಲ್ಲಿ ಗಳ ಸರಿಸಿ, ನಾವು ದಾಟಿದ ಮೇಲೆ ಮತ್ತೆ ಹಾಕುತ್ತಿದ್ದಳು. ಸೈಕಲ್ಲಿನವರಿಗೂ ಹಾಗೆಯೇ ಹೇಳಿಕೊಟ್ಟಿದ್ದಳು. ಅದನ್ನು ನೋಡಿಕೊಂಡು ನಿಲ್ಲಲು ಒಂದು ದಿನ ನನ್ನಿಂದಾಗಲಿಲ್ಲ.

"ಅದ್ ಹಾಕ್ಬೇಡ ಮಗಾ. ಇಲ್ಲ್ ದನವೇ ಇಲ್ಲ. ಆವತ್ತ್ ನೀವ್ ಬಪ್ಪ ಸದ್ದ್ ಕೇಂಡೇ ಗಳ ಹಾಕಿದ್ದ್ ನಾನ್."

ಗಳವನ್ನು ಹಿಡಿದುಕೊಂಡೇ ಅವಳು ನನ್ನನ್ನು ನೋಡಿದಳು. "ತಪ್ಪ್ ನಂದೇ ಅಂದ್ ಎಲ್ಲರ ಹತ್ರ ಹೇಳಿದೆ ನಾನ್. ಈಗ ನೀವೇ ಹೇಳಿ ಅವ್ರಿಗೆ." ಅಷ್ಟು ಹೇಳಿ ಒಬ್ಬಳೇ ಹೊರಟುಹೋದಳು.

"ಸುಮ್ನಿರ್ಕಿತ್ತ್ ನೀವ್," ಎಂದ ಗೆಳೆಯ. "ಇಷ್ಟ್ ದಿನ ನಿಮ್ಮ ಲಾಯರ್ ಆದ್ದ್ ನಾನ್."

ಮರು ವಾರ ಸೈಕಲ್ಲಿನವರನ್ನು ನಿಲ್ಲಿಸಿ ನಡೆದದ್ದನ್ನು ಹೇಳಿದೆ. ಒಬ್ಬ ಬೈದ. ಉಳಿದವರು ಸೈಕಲ್ ಏರಿ ಹೋದರು. ಗಳಗಳನ್ನು ಬೇಲಿಯಾಚೆ ಎಳೆದು ಹಾಕಿದೆ.

ಅವಳು ಈಗ ಮತ್ತೆ ಸೈಕಲ್ ಹೊಡೆಯುತ್ತಾಳೆ, ನಮ್ಮೊಂದಿಗೆ ನಡೆಯಲು ಬರುವುದಿಲ್ಲ. ಬೇರೆಯವರು ಆ ತಿರುವಿನಲ್ಲಿ ಸರ್ರನೆ ಇಳಿದುಹೋಗುತ್ತಾರೆ. ಅವಳು ಮಾತ್ರ ಮೇಲೆಯೇ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಬರುತ್ತಾಳೆ. ನಾನು ದಾರಿ ಬಿಟ್ಟು ನಿಲ್ಲುತ್ತೇನೆ.