ಮುನಿದವರಿಗೆ ತುಪ್ಪದ ಗಿಂಡಿ

ಮದುವೆ ಮನೆಗೆ ಹೋದರೆ ಎಲ್ಲರ ಕಣ್ಣು ಮೊದಲು ಮಂಟಪದ ಮೇಲೆ ಬೀಳುತ್ತದೆ. ನಮ್ಮ ರುದ್ರತ್ತೆಯ ಕಣ್ಣು ಮಾತ್ರ ಊಟದ ಮನೆಯ ಮೂಲೆಗಳನ್ನು ಹುಡುಕುತ್ತಿತ್ತು. ಅಲ್ಲಿ ಯಾರೋ ಒಬ್ಬರು ಎಲೆಯ ಮುಂದೆ ಕೈ ಕಟ್ಟಿ, ಮುಖ ತಿರುಗಿಸಿ ಕೂತಿರುತ್ತಾರೆ ಎಂಬುದು ಅವರಿಗೆ ಖಾತ್ರಿ. "ಮುನಿಸ್ಕಳ್ಳೋರು ಇಲ್ದೆ ಮದುವೆ ಆಗಲ್ಲ ಕಣೇ. ಒಬ್ರಾದ್ರೂ ಇರ್ತಾರೆ. ಅನ್ನ ಆರೋದ್ರೊಳಗೆ ಅವರನ್ನ ಹುಡುಕ್ಬೇಕು" ಎನ್ನುತ್ತಿದ್ದರು.

ರುದ್ರತ್ತೆ ನನ್ನ ತಂದೆಯ ಅಕ್ಕ. ರಾಮಗಿರಿಗೆ ಸೊಸೆಯಾಗಿ ಹೋದವರು. ಕುಳ್ಳಗಿನ ಆಳು, ಹಣೆ ತುಂಬ ವಿಭೂತಿ, ಬಾಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು. ದನಿ ಮಾತ್ರ ಸ್ಟೇಷನ್ನಿಗೆ ರೈಲು ಬಂದರೂ ಅಡಗದಂಥದು. ನಮ್ಮ ನೆಂಟರಿಷ್ಟರಲ್ಲಿ ಎಲ್ಲೇ ಮದುವೆಯಾದರೂ ಪುರೋಹಿತರಿಗೆ ಹೇಳುವ ಮೊದಲು ಅವರಿಗೆ ಹೇಳುತ್ತಿದ್ದರು.

ಹೊಳಲ್ಕೆರೆಯ ಒಂದು ಮದುವೆಯಲ್ಲಿ ವರನ ಸೋದರಮಾವ ಊಟ ಬಿಟ್ಟು ಕೂತುಬಿಟ್ಟರು. ಪೇಟ ಕಟ್ಟುವಾಗ ತಮ್ಮನ್ನು ಕರೆಯಲಿಲ್ಲವಂತೆ. ಹೆಣ್ಣಿನ ಕಡೆಯವರು ಸಾಲಾಗಿ ಬಂದು ಕೈ ಮುಗಿದಷ್ಟೂ ಅವರ ಕುತ್ತಿಗೆ ಗಟ್ಟಿಯಾಯಿತು. ರುದ್ರತ್ತೆ ಬಂದವರೇ ಏನು, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ತುಪ್ಪದ ಗಿಂಡಿ ತಂದು ಅವರ ಕೈಗಿಟ್ಟರು. "ಯಜಮಾನ್ರೇ, ಈ ಹುಡುಗ್ರು ತುಪ್ಪನ ನೀರಿನಂಗೆ ಸುರೀತಾವೆ. ನಿಮ್ಮಂಥೋರ ಕೈಲಿದ್ರೆ ಪಂಕ್ತಿಗೇ ಚೆಂದ, ಒಂದೀಟು ನೋಡ್ಕಳ್ರಿ." ಅವರು ಬಿಗುಮಾನದಲ್ಲೇ ಎದ್ದರು. ತುಪ್ಪ ಬಡಿಸಬೇಕಾದರೆ ಪ್ರತಿ ಎಲೆಗೂ ಬಗ್ಗಬೇಕು, ಸಾಕೇ ಬೇಕೇ ಎಂದು ಕೇಳಬೇಕು. ಪಂಕ್ತಿ ಮುಗಿಯುವಷ್ಟರಲ್ಲಿ ಅವರು, "ಹಾಕಿಸ್ಕಳ್ರಿ, ನಮ್ಮ ಹುಡುಗನ ಮದುವೆ, ಏನ್ ದಿನಾ ಆಗ್ತೈತಾ?" ಎಂದು ತಮಾಷೆ ಮಾಡುತ್ತಿದ್ದರು.

"ಕಾರಣ ಕೇಳಿದ್ರೆ ಮುನಿಸಿಗೆ ಕಾಲು ಬರ್ತಾವೆ. ಮುನಿಸ್ಕಂಡೋರಿಗೆ ಸಮಾಧಾನ ಹೇಳ್ಬಾರ್ದು, ಕೆಲಸ ಹೇಳ್ಬೇಕು." ಇದು ಅತ್ತೆಯ ಶಾಸ್ತ್ರ.

ಆ ಶಾಸ್ತ್ರ ನಮ್ಮ ಮನೆಗೇ ಬೇಕಾದೀತು ಎಂದು ನಾನು ಎಣಿಸಿರಲಿಲ್ಲ. ಮಗಳು ಸುಧಾಗೆ ಹಿರಿಯೂರಿನ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು. ಎರಡೂ ಮನೆಯವರು ಒಟ್ಟಿಗೆ ಎಲ್ಲಾದರೂ ಹೋಗಿಬರೋಣ ಎಂದು ಹುಡುಗನೇ ಹೊರಡಿಸಿದ. ಬೆಂಗಳೂರಿನಾಚೆ ಒಂದು ದೊಡ್ಡ ಆಟದ ಪಾರ್ಕು. ನೀರಾಟ, ದೋಣಿ, ಗಿರಗಿರ ತಿರುಗುವ ತೊಟ್ಟಿಲು, ರಾತ್ರಿ ಅಲ್ಲೇ ತಂಗುವುದು. "ಅಜ್ಜಿ ಬರ್ದಿದ್ರೆ ನಾನೂ ಬರಲ್ಲ" ಎಂದು ಸುಧಾ ಹಟ ಹಿಡಿದದ್ದಕ್ಕೆ ರುದ್ರತ್ತೆಯೂ ಬಂದರು. ಚಿತ್ರದುರ್ಗದಿಂದ ಹೊರಟ ಗಾಡಿ ಎಲ್ಲೂ ಕೆಡಲಿಲ್ಲ, ಯಾರಿಗೂ ವಾಂತಿಯಾಗಲಿಲ್ಲ. ಅಷ್ಟಕ್ಕೇ ನಾನು ಶಿವನಿಗೆ ಕೈ ಮುಗಿದಿದ್ದೆ.

ಕೆಟ್ಟದ್ದು ಅಲ್ಲಿಗೆ ಹೋದ ಮೇಲೆ. ದೋಣಿ ಆಟಕ್ಕೆ ಚಪ್ಪಲಿ ಬಿಟ್ಟು ಹತ್ತಬೇಕಿತ್ತು. ನಮ್ಮ ಮನೆಯವರು, ಸುಧಾಳ ಅಪ್ಪ, ಹುಡುಗನ ತಾಯಿ ಶಾಂತಮ್ಮನವರಿಗೆ, "ಬೀಗಿತ್ತೀರೇ, ಐದೇ ನಿಮಿಷ ಇವನ್ನ ನೋಡ್ಕಂಡಿರ್ರಿ" ಎಂದು ಎಲ್ಲರ ಚಪ್ಪಲಿ, ಚೀಲ ಅವರ ಮುಂದೆ ರಾಶಿ ಹಾಕಿದರು. ಸಾಲು ಉದ್ದವಿತ್ತು. ನಾವು ಕಿರುಚಿ, ನೆನೆದು, ನಗುನಗುತ್ತಾ ಬರುವಷ್ಟರಲ್ಲಿ ಹೊತ್ತು ಇಳಿದು, ಆಟವೂ ಮುಚ್ಚಿತ್ತು. ಶಾಂತಮ್ಮ ತಮ್ಮ ಚೀಲ ಎತ್ತಿಕೊಂಡು ನಡೆದೇಬಿಟ್ಟರು. ಸಂಜೆ ಕೋಣೆಯ ಬಾಗಿಲಲ್ಲಿ ನನಗೆ ಇಷ್ಟೇ ಹೇಳಿದರು: "ಬೆಳಿಗ್ಗೆ ನಾವು ಹಿರಿಯೂರಿಗೆ ಹೋಗ್ತೀವಿ. ಮದುವೆ ಮಾತು ಆಮೇಲೆ ನೋಡಾಣ."

ಸುಧಾ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ರಾತ್ರಿಯ ಊಟವೋ, ಬರೀ ಊಟವಲ್ಲ, ನಾಟಕದ ಊಟ. ಹೆಸರು 'ಮದುವೆ ಮನೆ'. ಬಾಗಿಲಲ್ಲೇ ಗುಲಾಬಿ ನೀರು ಚಿಮುಕಿಸಿ, ಎಡಗಡೆ ಕೂತವರು ಹೆಣ್ಣಿನವರು, ಬಲಗಡೆಯವರು ಗಂಡಿನವರು ಎಂದು ಹಂಚಿದರು. ಬಾಳೆಲೆ ಹಾಕಿ ಬಡಿಸುತ್ತಿದ್ದಂತೆ ಪೇಟ ಸುತ್ತಿದ, ಮೀಸೆ ಅಂಟಿಸಿಕೊಂಡ ನಟನೊಬ್ಬ ವೇದಿಕೆಯ ಮೇಲೆ ಮೇಜು ಕುಟ್ಟಿದ. "ನನಗೆ ಮೊದಲು ಹೋಳಿಗೆ ಬಡಿಸಲಿಲ್ಲ! ಈ ಮದುವೆ ನಡೆಯಲ್ಲ!" ಮೈಕು ಹಿಡಿದ ಹುಡುಗಿ, "ಗಂಡಿನ ಕಡೆಯವರೆಲ್ಲಾ ಕೂಗಿ, ನಡೆಯಲ್ಲ!" ಎಂದಳು. ಜನ ಶಿಳ್ಳೆ ಹಾಕಿ ಕೂಗಿದರು. ಸುಧಾ ತಲೆ ಬಗ್ಗಿಸಿದಳು. ಶಾಂತಮ್ಮನ ಎಲೆಯಲ್ಲಿ ಕೋಸಂಬರಿ ಹಾಗೇ ಒಣಗುತ್ತಿತ್ತು.

ನಾನು ನೋಡುತ್ತಿದ್ದಂತೆ ರುದ್ರತ್ತೆ ಎದ್ದು, ಬಡಿಸುವವನ ಕೈಯಿಂದ ತುಪ್ಪದ ಗಿಂಡಿ ಕಿತ್ತುಕೊಂಡು, ಸೀದಾ ವೇದಿಕೆ ಹತ್ತಿ ಆ ನಟನ ಕೈಗಿಟ್ಟರು. "ತಗಳ್ರಿ ಯಜಮಾನ್ರೇ, ಎಲ್ಲಾರ್ಗೂ ಒಂದೊಂದು ಮಿಳ್ಳೆ ಹಾಕ್ರಿ." ಅವನು ಗಿಂಡಿ ಹಿಡಿದು ಮಾತು ಮರೆತು ನಿಂತ. ಮೈಕಿನ ಹುಡುಗಿ ಓಡಿ ಬಂದಳು. "ಅಜ್ಜಿ, ಪ್ಲೀಸ್, ಪಾಯಸ ಬರೋತನಕ ಜಗಳ ಇರ್ಬೇಕು. ಶೋ ಇರೋದೇ ಅದು!"

"ಇದೂ ಒಂದು ಜಗಳನೇನವ್ವ? ಮುನಿಸ್ಕಂಡೋರು ಮೇಜು ಕುಟ್ಟಲ್ಲ. ಈಯಪ್ಪಂಗೆ ಮೀಸೆ ಐತೆ, ಮುನಿಸು ಇಲ್ಲ."

"ಮತ್ತೆ ಹೇಗಿರ್ಬೇಕು ಅಜ್ಜಿ?"

"ನಮ್ಮ ಹಿರಿಯೂರು ಬೀಗಿತ್ತಿ ಅವ್ರೆ ನೋಡು, ಅವ್ರನ್ನ ಕರಿ. ಸಂಜೆಯಿಂದ ಮುನಿಸ್ಕಂಡವ್ರೆ, ಬಲು ಚೆಂದಾಗಿ."

ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಹಿಡಿದೆ. ಕಣ್ಣು ಬಿಟ್ಟಾಗ ಶಾಂತಮ್ಮ ಎದ್ದು ನಿಂತಿದ್ದರು. ಬಾಗಿಲ ಕಡೆ ಹೋಗುತ್ತಾರೆ ಎಂದುಕೊಂಡೆ. ಆದರೆ ಬಲಗಡೆಯ ಮೇಜುಗಳೆಲ್ಲ "ಬೀಗಿತ್ತಿ! ಬೀಗಿತ್ತಿ!" ಎಂದು ಚಪ್ಪಾಳೆ ತಟ್ಟತೊಡಗಿದ್ದವು. ಅವರು ಸೆರಗು ಬಿಗಿದುಕೊಂಡು ವೇದಿಕೆಗೆ ಹೋಗಿ ಮೈಕು ತೆಗೆದುಕೊಂಡರು.

"ಹೋಳಿಗೆ ಹಾಳಾಗ್ಲಿ ಬಿಡ್ರಿ. ಗಂಡಿನ ತಾಯಿ ನಾನು! ನನ್ನ ಮುಂದೆ ಚಪ್ಪಲಿ ರಾಶಿ ಹಾಕಿ ಬೀಗರು ದೋಣಿ ಹತ್ತಿದ್ರು. ಹೋಗೋ ಬರೋರೆಲ್ಲ 'ಟೋಕನ್ ಕೊಡಮ್ಮ' ಅಂತಾರೆ. ಯಾರೋ ಇಬ್ರು ಅವರ ಚಪ್ಪಲಿನೂ ಬಿಟ್ಟು ಹೋದ್ರು. ನಾನು ಅವನ್ನೂ ಕಾದೆ!"

ಟೋಕನ್ನಿನ ಕಥೆ ನಮಗೆ ಗೊತ್ತೇ ಇರಲಿಲ್ಲ. ಇಡೀ ಊಟದ ಮನೆ ಬಿದ್ದು ಬಿದ್ದು ನಕ್ಕಿತು. ಆ ನಗು ಕೇಳಿ, ತಡೆಯಲಾರದೆ ಶಾಂತಮ್ಮನೂ ಬಾಯಿಗೆ ಸೆರಗು ಒತ್ತಿಕೊಂಡರು. ನಮ್ಮ ಮನೆಯವರು ವೇದಿಕೆಗೆ ಹೋಗಿ ಕೈ ಮುಗಿದರು. "ತಪ್ಪಾತು ಬೀಗಿತ್ತೀರೇ. ನಾಳೆ ನೀವು ದೋಣಿ ಹತ್ರಿ, ಚಪ್ಪಲಿ ನಾನು ಕಾಯ್ತೀನಿ."

"ಟೋಕನ್ ಕೊಡ್ತೀರಾ?" ಎಂದರು ಶಾಂತಮ್ಮ.

ಅಷ್ಟರಲ್ಲಿ ಗಿಂಡಿ ನಟನ ಕೈಯಿಂದ ಅವರ ಕೈಗೆ ಬಂದಿತ್ತು. ಯಾರು ಕೊಟ್ಟರೆಂದು ಹೇಳಬೇಕಿಲ್ಲ. ಮೇಜು ಮೇಜಿಗೂ ಬಡಿಸುತ್ತಾ ಬಂದು ಸುಧಾಳ ಎಲೆಗೆ ಬಗ್ಗಿದರು. "ಹಾಕಿಸ್ಕಳವ್ವ. ಮದುವೆ ಹೊತ್ತಿಗೆ ಒಂದಿಷ್ಟು ಮೈ ತುಂಬ್ಕಬೇಕು." ನನಗೆ ಕೇಳಿಸಿದ್ದು ಮದುವೆ ಎಂಬ ಒಂದೇ ಮಾತು.

ಕೋಣೆಗೆ ಬಂದ ಮೇಲೆ, "ಅವರು ಎದ್ದು ಹೋಗಿಬಿಟ್ಟಿದ್ರೆ ಏನ್ ಮಾಡ್ತಿದ್ರಿ ಅತ್ತೆ?" ಎಂದು ಕೇಳಿದೆ. ರುದ್ರತ್ತೆ ಹಾಸಿಗೆಯ ಮೇಲೆ ಕಾಲು ಚಾಚಿದರು. "ನನ್ನ ಎದೆ ಮುಟ್ಟಿ ನೋಡು, ಇನ್ನೂ ಡವ ಡವ ಅಂತೈತೆ. ಹೆಣ್ಣು ಕೊಡೋ ಮನೆ ಅಲ್ಲೇನೇ ನಮ್ದು? ಈಗ ಮಲಗಾಣ, ಸುಮ್ಕಿರು."

ಮದುವೆ ಚೆನ್ನಾಗಿ ನಡೆಯಿತು. ಅದಾಗಿ ವರ್ಷ ತುಂಬುವ ಮೊದಲೇ ರುದ್ರತ್ತೆ ಲಿಂಗೈಕ್ಯರಾದರು. ಮಲಗಿದ್ದಲ್ಲೇ, ಯಾರಿಂದಲೂ ಒಂದು ಲೋಟ ನೀರು ಕೇಳದೆ. ಅದೂ ಶಿವನ ದಯೆಯೇ.

ಕಾರ್ಯಕ್ಕೆ ಫೋಟೊ ಬೇಕಿತ್ತು. ಹುಡುಕಿದರೆ ಅವರ ಮುಖ ಸ್ಪಷ್ಟವಾಗಿದ್ದದ್ದು ಒಂದೇ, ಆ ಪಾರ್ಕಿನವರು ಆ ರಾತ್ರಿ ತೆಗೆದು, ಮರುದಿನ ಬಾಗಿಲಲ್ಲಿ ಮಾರಿದ್ದು. ಬೊಚ್ಚು ಬಾಯಿ ತೆರೆದು ನಗುತ್ತಿದ್ದಾರೆ, ಹೆಗಲಿಗೆ ಹೆಗಲು ತಾಗಿಸಿ ಆ ಪೇಟದ ನಟ. ದುರ್ಗದ ಸ್ಟುಡಿಯೋದವನು ನಟನನ್ನು ಕತ್ತರಿಸಿದ. ಆದರೂ ಅವನ ಪೇಟದ ತುರಾಯಿ ಮಾತ್ರ ಅತ್ತೆಯ ಕಿವಿಯ ಪಕ್ಕ ಉಳಿಯಿತು. "ಕಂಪ್ಯೂಟರಿನಲ್ಲಿ ಅಳಿಸಿಬಿಡ್ತೀನಿ ಬಿಡಿ" ಎಂದ.

ಶಾಂತಮ್ಮ ನನ್ನ ಜೊತೆಗೆ ಬಂದಿದ್ದರು. ಫೋಟೊ ಕೈಗೆ ತೆಗೆದುಕೊಂಡು ಆ ತುರಾಯಿಯ ಮೇಲೆ ಬೆರಳಿಟ್ಟರು.

"ಬ್ಯಾಡಪ್ಪ, ಇರ್ಲಿ" ಎಂದರು. "ಅದನ್ನ ಅಳಿಸಿದ್ರೆ ಇವರು ಯಾಕೆ ನಗ್ತಾವ್ರೆ ಅಂತ ನೋಡ್ದೋರಿಗೆ ಹೆಂಗೆ ಗೊತ್ತಾಗ್ತೈತೆ?"

ಫೋಟೊ ಈಗ ನಮ್ಮ ದೇವರ ಮನೆಯ ಹೊರಗೋಡೆಯ ಮೇಲಿದೆ. ದಿನಾ ಅತ್ತೆಯ ಹಣೆಗೆ ವಿಭೂತಿ ಇಡುವಾಗ, ಆ ಹೆಸರು ಗೊತ್ತಿಲ್ಲದವನ ತುರಾಯಿಗೂ ಒಂದಿಷ್ಟು ತಾಗುತ್ತದೆ.